ಸಾಲುಮರ ನೆಡಿಸಿದನೆಂದು ಹೇಳಿದವರು ಯಾರು?

ಕನ್ನಡ ಶಾಲೆಯಲ್ಲಿ ಓದಿದವರಿಗೆಲ್ಲ ನಿದ್ದೆಯಲ್ಲೂ ಬಾಯಿಗೆ ಬರುವ ಇತಿಹಾಸದ ವಾಕ್ಯವೊಂದಿದೆ: ಅಶೋಕನು ರಸ್ತೆಯ ಇಕ್ಕೆಲಗಳಲ್ಲಿ ಸಾಲುಮರಗಳನ್ನು ನೆಡಿಸಿದನು. ಉತ್ತರ ತೋಚದಾಗ ಇದೇ ವಾಕ್ಯವನ್ನು ಕೃಷ್ಣದೇವರಾಯನಿಗೂ ಅಕ್ಬರನಿಗೂ ಅಂಟಿಸಿ ಅರ್ಧ ಅಂಕ ಗಿಟ್ಟಿಸಿಕೊಳ್ಳುವವರ ಹಾಸ್ಯವೂ ನಮ್ಮಲ್ಲಿ ಹಳೆಯದೇ. ಸೋಜಿಗವೆಂದರೆ, ಉರು ಹೊಡೆದು ಸವೆದುಹೋದ ಈ ವಾಕ್ಯದ ಹಿಂದೆ ಗಟ್ಟಿಯಾದ ಆಧಾರವಿದೆ. ದಾರಿಯ ಬದಿಯಲ್ಲಿ ಆಲದ ಮರ ನೆಡಿಸಿದ್ದು, ಮಾವಿನ ತೋಪು ಬೆಳೆಸಿದ್ದು, ಬಾವಿ ತೋಡಿಸಿದ್ದು ಎಲ್ಲವನ್ನೂ ಅಶೋಕನೇ ತನ್ನ ಏಳನೆಯ ಸ್ತಂಭಶಾಸನದಲ್ಲಿ ಕೊರೆಸಿದ್ದಾನೆ. ತನ್ನ ಒಳ್ಳೆಯ ಕೆಲಸವನ್ನು ತಾನೇ ಹೇಳಿಕೊಂಡ ಅರಸನೊಬ್ಬನ ಮಾತು ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ದಾಟಿ ಮಗುವಿನ ನೋಟುಪುಸ್ತಕಕ್ಕೆ ಬಂದು ಕೂತಿದೆ. ಬರುವ ದಾರಿಯಲ್ಲಿ 'ಇದನ್ನು ಹೇಳಿದವರು ಯಾರು' ಎಂಬುದು ಮಾತ್ರ ಎಲ್ಲೋ ಉದುರಿಹೋಗಿದೆ.

ಪ್ರಾಥಮಿಕ ಶಾಲೆಯ ಮಕ್ಕಳಿಗೆ ಇತಿಹಾಸ ಕಲಿಸಬೇಕೇ, ಕಲಿಸುವುದಾದರೆ ಯಾವ ವಯಸ್ಸಿಗೆ, ಯಾವ ಬಗೆಯಲ್ಲಿ ಎಂಬ ಚರ್ಚೆಗೆ ನೂರು ವರ್ಷ ದಾಟಿದೆ. ಮನೆ-ಊರಿನಿಂದ ಶುರುಮಾಡಿ ಎನ್ನುವವರು, ಮಗುವಿಗೆ ಕಾಲವೇ ತಿಳಿಯದು ಎನ್ನುವವರು, ಕಥೆ ಸಾಕು ಎನ್ನುವವರು, ಆಧಾರ ತೋರಿಸಿ ಎನ್ನುವವರು, ನಾಡಿನ ಅಭಿಮಾನ ಮೊದಲು ಎನ್ನುವವರು ಹೀಗೆ ಹಲವು ಪಕ್ಷಗಳಿವೆ. ಒಂದೊಂದು ಪಕ್ಷವೂ ಮಗುವಿನ ಒಂದೊಂದು ಶಕ್ತಿಯನ್ನು ಸರಿಯಾಗಿಯೇ ಗುರುತಿಸಿ, ಅದನ್ನೇ ಇಡೀ ಮಗುವೆಂದು ತಿಳಿದದ್ದರಿಂದ ಜಗಳ ಉಳಿದುಕೊಂಡಿದೆ ಎಂಬುದು ಈ ಲೇಖನದ ವಾದ. ಕಥೆಯನ್ನೂ, ಆ ಕಥೆಯನ್ನು ಹೇಳಿದವರು ಯಾರು ಎಂಬ ಪ್ರಶ್ನೆಯನ್ನೂ ಒಟ್ಟಿಗೇ ಕೊಟ್ಟರೆ ಆರೇಳು ವರ್ಷದ ಮಗುವೂ ಇತಿಹಾಸವನ್ನು ಇತಿಹಾಸವಾಗಿಯೇ ಕಲಿಯಬಲ್ಲದು. ಆರನೇ ತರಗತಿವರೆಗೆ ಕಾಯುವುದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು.

ಕೂಲಿಮಠದಿಂದ ಪರಿಸರ ಅಧ್ಯಯನದವರೆಗೆ

ನಮ್ಮ ಕೂಲಿಮಠಗಳಲ್ಲಿ ಇತಿಹಾಸವೆಂಬ ಪಾಠವಿರಲಿಲ್ಲ. ಮರಳಿನ ಮೇಲೆ ಅಕ್ಷರ ತಿದ್ದುವುದು, ಮಗ್ಗಿ, ಅಮರಕೋಶ, ಜೈಮಿನಿ ಭಾರತದ ವಾಚನ, ಇಷ್ಟರಲ್ಲಿ ಕಲಿಕೆ ಮುಗಿಯುತ್ತಿತ್ತು. ಹಿಂದಿನವರ ಸುದ್ದಿ ಮಕ್ಕಳ ಕಿವಿಗೆ ಬೀಳುತ್ತಿದ್ದುದು ಹರಿಕಥೆ, ಲಾವಣಿ, ಬಯಲಾಟ, ಅಜ್ಜಿಯ ಮಾತುಗಳಿಂದ. ಇತಿಹಾಸವನ್ನು ತರಗತಿಯ ವಿಷಯವಾಗಿ ತಂದದ್ದು ಬ್ರಿಟಿಷರ ಕಾಲದ ಶಾಲೆ. ಜೇಮ್ಸ್ ಮಿಲ್ 1817ರಲ್ಲಿ ಭಾರತದ ಚರಿತ್ರೆಯನ್ನು ಹಿಂದೂ, ಮುಸ್ಲಿಂ, ಬ್ರಿಟಿಷ್ ಎಂದು ಮೂರು ಭಾಗ ಮಾಡಿದ. ಇಂಗ್ಲೆಂಡಿನಲ್ಲಿ ಕೂತು, ಭಾರತಕ್ಕೆ ಒಮ್ಮೆಯೂ ಬಾರದೆ ಆತ ಹಾಕಿದ ಈ ಗೆರೆ ಇ. ಮಾರ್ಸ್‌ಡನ್‌ನಂಥವರ ಶಾಲಾ ಪುಸ್ತಕಗಳಿಗೆ ಇಳಿದು, ದಕ್ಷಿಣ ಭಾರತದ ಮಕ್ಕಳೂ ಅದನ್ನೇ ಕಂಠಪಾಠ ಮಾಡಿದರು. ಇದರ ವಿರುದ್ಧ ಮೊದಲು ಎದ್ದ ದನಿಗಳಲ್ಲಿ ರವೀಂದ್ರನಾಥ ಠಾಕೂರರದು ಒಂದು: ಶಾಲೆಯಲ್ಲಿ ಓದಿಸುವುದು ದಾಳಿ ಮಾಡಿದವರ, ಕಾದಾಡಿದವರ ಕಥೆ, ಅದರಲ್ಲಿ ಈ ನೆಲದಲ್ಲಿ ಬಾಳಿದ ಜನರೇ ಕಾಣುವುದಿಲ್ಲ ಎಂದು ಅವರು 1902ರಲ್ಲಿ ವಾದಿಸಿದರು. ಕನ್ನಡದಲ್ಲಿ ಆಲೂರು ವೆಂಕಟರಾಯರು 1917ರಲ್ಲಿ 'ಕರ್ನಾಟಕ ಗತವೈಭವ'ವನ್ನು ಪ್ರಕಟಿಸಿದ್ದರ ಹಿಂದೆಯೂ ಇಂಥದೇ ಕೊರಗಿತ್ತು. ತಾನು ಚಾಳುಕ್ಯ, ರಾಷ್ಟ್ರಕೂಟರ ನಾಡಿನವನೆಂಬ ಅರಿವೇ ಕನ್ನಡಿಗನಿಗೆ ಇಲ್ಲವಲ್ಲ ಎಂಬ ನೋವು ಅದು. ಹೀಗೆ ಶಾಲೆಯ ಇತಿಹಾಸಕ್ಕೆ ಹುಟ್ಟಿನಿಂದಲೇ ಒಂದು ಚಾಕರಿ ಅಂಟಿಕೊಂಡಿತು. ಮೊದಲು ಸಾಮ್ರಾಜ್ಯಕ್ಕೆ ನಿಷ್ಠರಾದವರನ್ನು, ಆಮೇಲೆ ದೇಶಕ್ಕೂ ನಾಡಿಗೂ ನಿಷ್ಠರಾದವರನ್ನು ತಯಾರಿಸುವ ಚಾಕರಿ.

ಸ್ವಾತಂತ್ರ್ಯದ ನಂತರ ಇನ್ನೊಂದು ತಿರುವು ಬಂತು. ಇತಿಹಾಸ, ಭೂಗೋಳ, ಪೌರನೀತಿಗಳನ್ನು ಬೇರೆಬೇರೆಯಾಗಿ ಕಲಿಸದೆ ಸಮಾಜ ಪಾಠವೆಂದು ಒಂದೇ ಬುಟ್ಟಿಗೆ ಹಾಕಬೇಕೆಂದು 1952-53ರ ಮುದಲಿಯಾರ್ ಆಯೋಗ ಹೇಳಿತು. 1975ರ ಹತ್ತು ವರ್ಷಗಳ ಶಾಲಾ ಪಠ್ಯಕ್ರಮದ ಚೌಕಟ್ಟು ಪ್ರಾಥಮಿಕ ಹಂತಕ್ಕೆ 'ಪರಿಸರ ಅಧ್ಯಯನ'ವನ್ನು ತಂದಿತು. 2005ರ ಚೌಕಟ್ಟು ಮೂರರಿಂದ ಐದನೇ ತರಗತಿಯ ವಿಜ್ಞಾನ ಮತ್ತು ಸಮಾಜ ಎರಡನ್ನೂ ಅದರಲ್ಲೇ ಬೆಸೆಯಿತು. 2023ರ ಚೌಕಟ್ಟೂ ಈ ತರಗತಿಗಳಿಗೆ 'ನಮ್ಮ ಸುತ್ತಲಿನ ಜಗತ್ತು' ಎಂಬ ಒಂದೇ ವಿಷಯವನ್ನು ಉಳಿಸಿಕೊಂಡಿದೆ. ಕರ್ನಾಟಕದ ಮಗುವೂ ಐದನೇ ತರಗತಿವರೆಗೆ ಓದುವುದು ಪರಿಸರ ಅಧ್ಯಯನವನ್ನೇ. ಇತಿಹಾಸ ಸಮಾಜ ವಿಜ್ಞಾನದ ಭಾಗವಾಗಿ ಹೆಸರು ಹೇಳಿಕೊಂಡು ಬರುವುದು ಆರನೆಯ ತರಗತಿಯಲ್ಲಿ. ಇಂಗ್ಲೆಂಡ್ ನೇರ ಎದುರು ದಾರಿ ಹಿಡಿದು, 1991ರಿಂದ ಐದು ವರ್ಷದ ಮಗುವಿಗೇ ಇತಿಹಾಸವನ್ನು ಪ್ರತ್ಯೇಕ ವಿಷಯವಾಗಿ ಕಡ್ಡಾಯ ಮಾಡಿತು. ಎರಡೂ ದೇಶಗಳ ಪಂಡಿತರು ಮಗುವಿನ ಸ್ವಭಾವವನ್ನೇ ಆಧಾರವಾಗಿ ಹೇಳಿದ್ದಾರೆ. ಒಂದೇ ಮಗುವನ್ನು ಇವರು ಇಷ್ಟು ಬೇರೆಬೇರೆಯಾಗಿ ಕಂಡದ್ದು ಹೇಗೆ ಎಂದು ತಿಳಿಯಲು ಪಕ್ಷಗಳನ್ನು ಒಂದೊಂದಾಗಿ ನೋಡಬೇಕು.

ಹತ್ತಿರದಿಂದ ದೂರಕ್ಕೆ

ಮಗು ಕಂಡದ್ದರಿಂದ ಕಾಣದ್ದಕ್ಕೆ ಹೋಗಬೇಕು ಎಂಬುದು ಮೊದಲ ಪಕ್ಷದ ಸೂತ್ರ. ಮೊದಲು ಮನೆ, ಆಮೇಲೆ ಶಾಲೆ, ಊರು, ಜಿಲ್ಲೆ, ರಾಜ್ಯ, ದೇಶ, ಕೊನೆಗೆ ಜಗತ್ತು. ಕೊಳಕ್ಕೆ ಕಲ್ಲೆಸೆದಾಗ ಅಲೆ ಹರಡುವಂತೆ ಪಾಠ ಹರಡಬೇಕು. ಅಮೆರಿಕದಲ್ಲಿ ಪಾಲ್ ಹನ್ನಾ 1930ರ ದಶಕದಿಂದ ಈ ಕ್ರಮಕ್ಕೆ ಖಚಿತ ರೂಪ ಕೊಟ್ಟರು; ನಮ್ಮ ಪರಿಸರ ಅಧ್ಯಯನದ ಬೆನ್ನೆಲುಬೂ ಇದೇ. ಇದರ ಬಲವನ್ನು ಹಗುರವಾಗಿ ಕಾಣುವಂತಿಲ್ಲ. ಊರ ಕೆರೆ, ಸಂತೆ, ಕುಂಬಾರನ ತಿಗರಿ ಪಾಠದೊಳಗೆ ಬಂದಾಗ, ತನ್ನ ಮನೆಯವರ ದುಡಿಮೆಯೂ ಕಲಿಯಲು ಯೋಗ್ಯವಾದ ವಿಷಯ ಎಂಬ ಗೌರವ ಮಗುವಿಗೆ ದಕ್ಕುತ್ತದೆ. ರಾಜರ ಪಟ್ಟಿಯ ಕಾಟದಿಂದ ಪುಟ್ಟ ಮಕ್ಕಳನ್ನು ಪಾರುಮಾಡಿದ್ದೂ ಈ ಪಕ್ಷವೇ.

ಆದರೆ ಹತ್ತಿರದ್ದೆಲ್ಲ ಸುಲಭ, ದೂರದ್ದೆಲ್ಲ ಕಷ್ಟ ಎಂದು ತೋರಿಸಿದವರು ಯಾರು? ಡಯಾನ್ ರಾವಿಚ್ 1987ರಲ್ಲಿ ಎತ್ತಿದ ಈ ಪ್ರಶ್ನೆಗೆ ತೃಪ್ತಿಕರ ಉತ್ತರ ಬರಲಿಲ್ಲ. ಹನ್ನಾ ಅವರ ಕ್ರಮ ಮಕ್ಕಳ ಮೇಲಿನ ಪರೀಕ್ಷೆಯಿಂದ ಹುಟ್ಟಿದ್ದಲ್ಲ, ಪಠ್ಯ ರಚಿಸುವವರ ಅನುಕೂಲಕ್ಕಾಗಿ ನಿಂತದ್ದು ಎಂಬುದು ಆಕೆಯ ಟೀಕೆ. ನಮ್ಮ ಮಕ್ಕಳನ್ನೇ ನೋಡಿ. ಲಂಕೆ ಎಲ್ಲಿದೆ ಎಂದು ತಿಳಿಯದ ಮಗು ಹನುಮಂತ ಹಾರಿದ ಕಥೆಯನ್ನು ಪೂರ್ತಿ ಹೇಳುತ್ತದೆ. ತನ್ನದೇ ಊರಿನ ಗ್ರಾಮ ಪಂಚಾಯತಿ ಸದಸ್ಯರ ಕರ್ತವ್ಯವೇನು ಎಂದರೆ ಕಣ್ಣು ಕಣ್ಣು ಬಿಡುತ್ತದೆ. ಮಗುವಿಗೆ ಹತ್ತಿರವಾಗುವುದು ಮೈಲಿಯ ಲೆಕ್ಕದಲ್ಲಲ್ಲ, ಮನಸ್ಸಿನ ಲೆಕ್ಕದಲ್ಲಿ.

ಈ ಪಕ್ಷದ ಮೂಲಪುರುಷರಲ್ಲಿ ಒಬ್ಬರೆನಿಸಿದ ಜಾನ್ ಡ್ಯೂಯಿ ಮಾಡಿದ್ದೂ ಬೇರೆಯೇ. 1896ರಲ್ಲಿ ಷಿಕಾಗೋದಲ್ಲಿ ಅವರು ಆರಂಭಿಸಿದ ಪ್ರಯೋಗಶಾಲೆಯಲ್ಲಿ ಮಕ್ಕಳು ಹತ್ತಿಯಿಂದ ಬೀಜ ಬಿಡಿಸಿದರು. ಅರ್ಧ ಗಂಟೆ ಕೂತರೂ ಸಿಕ್ಕಿದ್ದು ಒಂದು ಔನ್ಸಿಗಿಂತ ಕಡಿಮೆ ಅರಳೆ. ಹತ್ತಿ ಬಟ್ಟೆಗಿಂತ ಉಣ್ಣೆ ಬಟ್ಟೆ ಯಾಕೆ ಮೊದಲು ಬಳಕೆಗೆ ಬಂತು ಎಂಬುದು ಅವರ ಬೆರಳಿಗೇ ತಿಳಿಯಿತು. ಕೈಯಲ್ಲಿರುವ ವಸ್ತು ಇವತ್ತಿನದು, ಅದರಿಂದ ತೆರೆದ ಬಾಗಿಲು ಶತಮಾನಗಳ ಹಿಂದಿನದು. ಹತ್ತಿರದಿಂದ ಆರಂಭಿಸುವುದಕ್ಕೂ ಹತ್ತಿರದಲ್ಲೇ ನಿಂತುಬಿಡುವುದಕ್ಕೂ ಇರುವ ಅಂತರ ಇದು. ಪರಿಸರ ಅಧ್ಯಯನ ಎಡವಿದಲ್ಲೆಲ್ಲ ಎಡವಿರುವುದು ಎರಡನೆಯದರಲ್ಲಿ. 'ನಮ್ಮ ಊರು' ಪಾಠದಲ್ಲಿ ಅಂಚೆ ಕಚೇರಿ, ಆಸ್ಪತ್ರೆ, ಬಸ್ ನಿಲ್ದಾಣ ಎಲ್ಲ ಇರುತ್ತವೆ, ಊರು ಇಲ್ಲೇ ಯಾಕೆ ಹುಟ್ಟಿತು ಎಂಬ ಪ್ರಶ್ನೆ ಇರುವುದಿಲ್ಲ.

ಮಗುವಿಗೆ ಕಾಲ ತಿಳಿಯುತ್ತದೆಯೇ?

ಎರಡನೆಯ ಪಕ್ಷದ ಸಂದೇಹ ಇನ್ನೂ ಆಳದ್ದು. ನಿನ್ನೆ ಮತ್ತು ಮೊನ್ನೆಯ ನಡುವೆ ತಡವರಿಸುವ ಮಗುವಿಗೆ ಸಾವಿರ ವರ್ಷ ಎಂದರೇನು ಗೊತ್ತಾದೀತು? ಜೀನ್ ಪಿಯಾಜೆ ಮಕ್ಕಳ ಕಾಲಪ್ರಜ್ಞೆಯನ್ನು ಪರೀಕ್ಷಿಸಿ, ಅದು ವಯಸ್ಸಿನೊಂದಿಗೆ ಮೆಟ್ಟಿಲು ಮೆಟ್ಟಿಲಾಗಿ ಬೆಳೆಯುತ್ತದೆ ಎಂದರು. ಈ ಮೆಟ್ಟಿಲುಗಳನ್ನು ಇತಿಹಾಸದ ತರಗತಿಗೆ ತಂದ ಬ್ರಿಟನ್ನಿನ ರಾಯ್ ಹ್ಯಾಲಮ್ 1960ರ ದಶಕದಲ್ಲಿ, ಇತಿಹಾಸದಲ್ಲಿ ಅಮೂರ್ತವಾಗಿ ಯೋಚಿಸುವ ಶಕ್ತಿ ಹದಿನಾರರ ಆಸುಪಾಸಿಗೆ ಬರುತ್ತದೆ ಎಂಬ ತೀರ್ಮಾನಕ್ಕೆ ಬಂದರು. ಇತಿಹಾಸ ಮಕ್ಕಳ ವಿಷಯವಲ್ಲ ಎನ್ನುವವರಿಗೆ ದೊಡ್ಡ ಅಸ್ತ್ರ ಸಿಕ್ಕಿತು. ಕ್ರಿಸ್ತಪೂರ್ವ ಎಂಬ ಮಾತು ಬಂದೊಡನೆ ಇಸವಿಗಳು ತಲೆಕೆಳಗಾಗಿ ಓಡುವುದನ್ನು ಕಂಡು ಮಕ್ಕಳಿರಲಿ, ದೊಡ್ಡವರೂ ತಬ್ಬಿಬ್ಬಾಗುವುದುಂಟು. ಅಷ್ಟರಮಟ್ಟಿಗೆ ಈ ಪಕ್ಷದ ಮಾತು ನಿಜ.

ಆದರೆ ಕಾಲವೆಂದರೆ ಇಸವಿಯೊಂದೇ ಅಲ್ಲ. ಅಮೆರಿಕದ ಕೀತ್ ಬಾರ್ಟನ್ ಮತ್ತು ಲಿಂಡಾ ಲೆವ್‌ಸ್ಟಿಕ್ 1990ರ ದಶಕದಲ್ಲಿ ಶಿಶುವಿಹಾರದಿಂದ ಆರನೇ ತರಗತಿವರೆಗಿನ ಮಕ್ಕಳ ಮುಂದೆ ಬೇರೆಬೇರೆ ಕಾಲದ ಚಿತ್ರಗಳನ್ನಿಟ್ಟು, ಹಳೆಯದರಿಂದ ಹೊಸದರವರೆಗೆ ಜೋಡಿಸಲು ಹೇಳಿದರು. ತೀರಾ ಪುಟ್ಟ ಮಕ್ಕಳು ಇಸವಿ ಹೇಳಲಾರದೆ ಹೋದರೂ ಉಡುಪು, ವಾಹನ, ಮನೆಯ ರೀತಿ ನೋಡಿ ಇದು ಹಳೆಯದು, ಇದು ಅದಕ್ಕೂ ಹಳೆಯದು ಎಂದು ಗುರುತಿಸಿದರು. ಸಂಖ್ಯೆಯ ಕಾಲ ತಡವಾಗಿ ಬರುತ್ತದೆ, ಅನುಕ್ರಮದ ಕಾಲ ಬೇಗ ಬರುತ್ತದೆ ಎಂದಾಯಿತು. ನಮ್ಮ ಮನೆಗಳಲ್ಲೂ ಬೀಸುಕಲ್ಲು, ಹಿಟ್ಟಿನ ಗಿರಣಿ, ಮಿಕ್ಸಿ ಎಂಬ ಸಾಲನ್ನು ಮಗು ತಪ್ಪಿಲ್ಲದೆ ಜೋಡಿಸುತ್ತದೆ. ಯಾವ ವಿಷಯವನ್ನಾದರೂ ಯಾವ ವಯಸ್ಸಿನ ಮಗುವಿಗಾದರೂ ಪ್ರಾಮಾಣಿಕವಾದ ಯಾವುದಾದರೂ ರೂಪದಲ್ಲಿ ಕಲಿಸಬಹುದು ಎಂದು ಜೆರೋಮ್ ಬ್ರೂನರ್ 1960ರಲ್ಲೇ ಮಂಡಿಸಿದ್ದ ನಿಲುವಿಗೆ ಇದು ಒಳ್ಳೆಯ ನಿದರ್ಶನ. ಹ್ಯಾಲಮ್ ಅಳೆದದ್ದು ಮಗು ಏನನ್ನು ಕಲಿಯಬಲ್ಲದು ಎಂಬುದಕ್ಕಿಂತ, ಆಗಿನ ಶಾಲೆ ಕಲಿಸಿದ ರೀತಿಯಲ್ಲಿ ಎಷ್ಟು ಕಲಿತಿತ್ತು ಎಂಬುದನ್ನು. ಪಿಯಾಜೆ ಪಕ್ಷದ ಎಚ್ಚರಿಕೆಯನ್ನು ಇಸವಿಗಳ ಮಟ್ಟಿಗೆ ಒಪ್ಪಬಹುದು, ಇತಿಹಾಸವನ್ನೇ ಮುಂದೂಡಲು ಒಪ್ಪಲಾಗದು.

ಕಥೆಯ ಪಕ್ಷ

ಮೂರನೆಯ ಪಕ್ಷಕ್ಕೆ ನಮ್ಮ ನೆಲದಲ್ಲಿ ಬೇರು ಆಳವಾಗಿದೆ. ಮಗು ಜಗತ್ತನ್ನು ಹಿಡಿಯುವುದೇ ಕಥೆಯಿಂದ. ಐರ್ಲೆಂಡಿನಲ್ಲಿ ಹುಟ್ಟಿ ಕೆನಡಾದಲ್ಲಿ ನೆಲಸಿದ ಕೀರನ್ ಈಗನ್ 1980ರ ದಶಕದಲ್ಲಿ ಇದಕ್ಕೆ ಶಾಸ್ತ್ರದ ರೂಪ ಕೊಟ್ಟರು. ಧೈರ್ಯ-ಭಯ, ನ್ಯಾಯ-ಅನ್ಯಾಯ, ಬಿಡುಗಡೆ-ಬಂಧನ ಇಂಥ ಜೋಡಿಗಳು ಐದು ವರ್ಷದ ಮಗುವಿಗೆ ಚೆನ್ನಾಗಿ ಗೊತ್ತು. ಅವೇ ಇತಿಹಾಸದ ದೊಡ್ಡ ಘಟನೆಗಳಿಗೂ ಕೀಲಿಕೈ ಎಂಬುದು ಅವರ ವಾದ. ಶಿವರಾಮ ಕಾರಂತರು 1930ರ ದಶಕದಲ್ಲಿ 'ಬಾಲ ಪ್ರಪಂಚ'ವನ್ನು ತಂದಾಗ ಕನ್ನಡದ ಮಗುವಿಗೆ ಇಡೀ ಜಗತ್ತನ್ನೇ ಬಡಿಸಬಹುದೆಂಬ ಭರವಸೆ ಅವರಿಗಿತ್ತು. 1967ರಿಂದ ಅಮರ ಚಿತ್ರ ಕಥೆ, 1970ರ ದಶಕದಿಂದ ಎಲ್.ಎಸ್. ಶೇಷಗಿರಿರಾವ್ ಅವರ ಸಂಪಾದಕತ್ವದ ಭಾರತ ಭಾರತಿ ಪುಸ್ತಕ ಸಂಪದದ ಪುಟ್ಟ ಜೀವನಚರಿತ್ರೆಗಳು, ಶಾಲೆಯ ಪುಸ್ತಕ ಕಲಿಸದೆ ಬಿಟ್ಟ ಎಷ್ಟೋ ಹೆಸರುಗಳನ್ನು ಮಕ್ಕಳ ನಾಲಗೆಗೆ ತಂದವು. ಒಬ್ಬ ಮನುಷ್ಯನ ಮುಖ, ಅವನ ಸಂಕಟ, ಅವನು ಮಾಡಿದ ಆಯ್ಕೆ ಕಾಣಿಸಿದರೆ ಮಾತ್ರ ಮಗುವಿಗೆ ಕಾಲ ಜೀವಂತವಾಗುತ್ತದೆ. ಈ ಪಕ್ಷ ವಿವರಿಸುವಷ್ಟು ಚೆನ್ನಾಗಿ ಇದನ್ನು ಬೇರೆ ಯಾವುದೂ ವಿವರಿಸುವುದಿಲ್ಲ.

ಕಥೆಯ ತೊಡಕು ಅದರ ಬಲದಲ್ಲೇ ಇದೆ. ಒಳ್ಳೆಯ ಕಥೆ ಅನುಮಾನಕ್ಕೆ ಎಡೆ ಕೊಡುವುದಿಲ್ಲ. ನಾಯಕ ಇದ್ದಮೇಲೆ ಖಳ ಬೇಕು. ಹೆಂಗಸರು, ಕೂಲಿಗಳು, ಕಲ್ಲು ಕಡಿದವರು ಹಿನ್ನೆಲೆಗೆ ಸರಿಯುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಪುರಾಣದ ಕಥೆಗೂ ನಡೆದ ಕಥೆಗೂ ನಡುವಿನ ಗೆರೆ ಮಗುವಿಗೆ ಕಾಣುವುದಿಲ್ಲ. ಭೀಮ ಬಕಾಸುರನನ್ನು ಕೊಂದದ್ದು, ಪುಲಿಕೇಶಿ ಹರ್ಷನನ್ನು ತಡೆದದ್ದು ಎರಡೂ ಒಂದೇ ದನಿಯಲ್ಲಿ, ಒಂದೇ ರಸದಲ್ಲಿ ಬಂದಾಗ, ಎರಡನೆಯದಕ್ಕೆ ಐಹೊಳೆಯ ಮೇಗುತಿ ಬಸದಿಯ ಗೋಡೆಯಲ್ಲಿ ಕಲ್ಲಿನ ಸಾಕ್ಷಿ ಇದೆ ಎಂಬ ವ್ಯತ್ಯಾಸ ಅಳಿಸಿಹೋಗುತ್ತದೆ. ಕಥೆ ಬಿಟ್ಟರೆ ಇತಿಹಾಸ ಸತ್ತಂತೆ. ಕಥೆಯೊಂದೇ ಆದರೆ ಅದು ಇತಿಹಾಸ ಎನ್ನಿಸಿಕೊಳ್ಳುವುದಿಲ್ಲ.

ಸುಳಿವು ಹುಡುಕುವ ಪಕ್ಷ

ನಾಲ್ಕನೆಯ ಪಕ್ಷ ಈ ವ್ಯತ್ಯಾಸದ ಮೇಲೆಯೇ ಕಣ್ಣಿಟ್ಟಿದೆ. ನಮಗೆ ಗೊತ್ತಿರುವುದು ಹೇಗೆ ಗೊತ್ತಾಯಿತು ಎಂಬುದನ್ನೂ ಕಲಿಸಿ ಎಂಬುದು ಇದರ ಬೇಡಿಕೆ. 1972ರಲ್ಲಿ ಬ್ರಿಟನ್ನಿನ ಸ್ಕೂಲ್ಸ್ ಕೌನ್ಸಿಲ್ ಆರಂಭಿಸಿದ ಇತಿಹಾಸ ಯೋಜನೆ ಪ್ರೌಢಶಾಲೆಯವರಿಗೆ ಆಧಾರಗಳನ್ನು ಕೊಟ್ಟು ಯೋಚಿಸಲು ಹಚ್ಚಿತು. 1990ರ ದಶಕದಲ್ಲಿ ಪೀಟರ್ ಲೀ, ರೋಸಲಿನ್ ಆಶ್ಬಿ ಮತ್ತು ಅವರ ಜೊತೆಗಾರರು ಏಳರಿಂದ ಹದಿನಾಲ್ಕು ವರ್ಷದ ಮಕ್ಕಳ ಮುಂದೆ ಒಂದೇ ಘಟನೆಯ ಎರಡು ಬೇರೆ ವೃತ್ತಾಂತಗಳನ್ನಿಟ್ಟು, ಇವು ಯಾಕೆ ಬೇರೆಯಾಗಿವೆ ಎಂದು ಕೇಳಿದರು. ಎರಡೂ ಒಂದೇ, ಮಾತು ಮಾತ್ರ ಬೇರೆ ಎಂದರು ಕೆಲವರು. ಒಬ್ಬರಿಗೆ ಸರಿಯಾದ ಮಾಹಿತಿ ಸಿಕ್ಕಿರಲಿಲ್ಲ ಎಂದರು ಇನ್ನು ಕೆಲವರು. ಒಬ್ಬರು ಪಕ್ಷಪಾತ ಮಾಡಿದ್ದಾರೆ ಎಂಬುದು ಮುಂದಿನ ಮೆಟ್ಟಿಲು, ಇಬ್ಬರೂ ಕೇಳಿಕೊಂಡ ಪ್ರಶ್ನೆಯೇ ಬೇರೆ ಎಂಬುದು ಅದಕ್ಕೂ ಮೇಲಿನದು. ಈ ಮೆಟ್ಟಿಲುಗಳು ವಯಸ್ಸಿಗೆ ಕಟ್ಟುಬಿದ್ದಿರಲಿಲ್ಲ ಎಂಬುದೇ ಆ ಅಧ್ಯಯನದ ಮುಖ್ಯ ಪಾಠ. ಎಂಟು ವರ್ಷದ ಕೆಲವು ಮಕ್ಕಳ ವಿಚಾರ ಹದಿನಾಲ್ಕರ ಎಷ್ಟೋ ಮಕ್ಕಳ ವಿಚಾರಕ್ಕಿಂತ ಮುಂದಿತ್ತು.

ಭಾರತದಲ್ಲಿ ಈ ದಾರಿ ತುಳಿದವರಲ್ಲಿ ಮಧ್ಯಪ್ರದೇಶದ ಏಕಲವ್ಯ ಸಂಸ್ಥೆಯ ಹೆಸರು ಮುಖ್ಯ. 1982ರಲ್ಲಿ ಹುಟ್ಟಿದ ಈ ಸಂಸ್ಥೆ ಆರರಿಂದ ಎಂಟನೇ ತರಗತಿಗೆ ರಚಿಸಿದ ಸಮಾಜ ಪಾಠದ ಪುಸ್ತಕಗಳಲ್ಲಿ ರಾಜವಂಶಗಳ ಪಟ್ಟಿಯ ಬದಲು ಬೇಟೆಗಾರರ ಒಂದು ದಿನ, ಹಳ್ಳಿಯ ಹುಟ್ಟು, ಚಿತ್ರ ನೋಡಿ ಊಹಿಸುವ ಪ್ರಶ್ನೆಗಳು ಬಂದವು. 2002ರಲ್ಲಿ ರಾಜ್ಯ ಸರ್ಕಾರ ಅದನ್ನು ಶಾಲೆಗಳಿಂದ ಹಿಂತೆಗೆದುಕೊಂಡರೂ, 2005ರ ನಂತರದ ರಾಷ್ಟ್ರೀಯ ಪಠ್ಯಪುಸ್ತಕಗಳಲ್ಲಿ ಅದರ ಮನೋಧರ್ಮ ಉಳಿಯಿತು. ಐದನೇ ತರಗತಿಯ ಎನ್‌ಸಿಇಆರ್‌ಟಿ ಪರಿಸರ ಅಧ್ಯಯನದಲ್ಲಿ ಗೋಲ್ಕೊಂಡ ಕೋಟೆಯ ಗೋಡೆಗಳೇ ಸಾಕ್ಷಿ ನುಡಿಯುವ ಪಾಠವೊಂದು ಬಂತು. ಈ ಪಕ್ಷದ ದೌರ್ಬಲ್ಯವನ್ನೂ ಹೇಳಬೇಕು. ತರಗತಿಯೊಳಗೆ ಅದು ಬಲುಬೇಗ ಒಣ ಕಸರತ್ತಾಗುತ್ತದೆ. ಕಥೆಯಲ್ಲಿ ಆಸಕ್ತಿ ಹುಟ್ಟದ ಮಗುವಿನ ಕೈಗೆ ಆಧಾರ ಕೊಟ್ಟು ಇದು ನಂಬಬಹುದಾದದ್ದೇ ಎಂದು ಕೇಳಿದರೆ, ಅದೂ ಬಿಟ್ಟ ಸ್ಥಳ ತುಂಬುವ ಇನ್ನೊಂದು ಬಗೆಯಾದೀತು.

ನಾಡಿನ ಮಗುವಾಗಿಸುವ ಪಕ್ಷ

ಐದನೆಯ ಪಕ್ಷ ಶಿಕ್ಷಣಶಾಸ್ತ್ರದ ಪುಸ್ತಕಗಳಲ್ಲಿ ಕಡಿಮೆ, ವಿಧಾನಸೌಧದಲ್ಲಿ ಹೆಚ್ಚು ಕಾಣಿಸುತ್ತದೆ. ಇತಿಹಾಸ ಮಗುವಿಗೆ ತಾನು ಯಾರೆಂದು ಹೇಳಬೇಕು. ನಾಡಿನ ಹೆಮ್ಮೆ, ಅನುಕರಿಸಲು ತಕ್ಕ ಹಿರಿಯರು ಎಳೆಯ ವಯಸ್ಸಿನಲ್ಲೇ ಮನಸ್ಸಿಗೆ ಇಳಿಯಬೇಕು. ಆಲೂರರ ಹಂಬಲ ನೆನೆದರೆ ಈ ಬೇಡಿಕೆ ತೀರಾ ಸಹಜ. ಇದರಲ್ಲಿ ಕಲಿಕೆಯ ಲಾಭವೂ ಇದೆ. ಓದಿದ್ದು ಅರ್ಥವಾಗಲು ಹಿನ್ನೆಲೆಯ ಜ್ಞಾನ ಬೇಕು, ಅದನ್ನು ಶಾಲೆ ಎಲ್ಲ ಮಕ್ಕಳಿಗೂ ಸಮನಾಗಿ ಹಂಚದಿದ್ದರೆ ಮನೆಯಲ್ಲಿ ಪುಸ್ತಕವಿಲ್ಲದ ಮಗುವೇ ಹಿಂದೆ ಬೀಳುತ್ತದೆ ಎಂದು ಅಮೆರಿಕದ ಇ.ಡಿ. ಹಿರ್ಷ್ 1987ರಿಂದ ವಾದಿಸುತ್ತ ಬಂದರು. ಬಸವಣ್ಣ, ಅಬ್ಬಕ್ಕ, ಕಿತ್ತೂರು ಚೆನ್ನಮ್ಮ ಇವರಾರೆಂದು ಗೊತ್ತಿಲ್ಲದ ಮಗು ಕನ್ನಡದ ಪತ್ರಿಕೆಯನ್ನೇ ಓದಲಾರದು ಎಂಬಲ್ಲಿ ಸತ್ಯವಿದೆ.

ಯಾರ ಹೆಮ್ಮೆ ಎಂಬುದರಿಂದ ಕಷ್ಟ ಶುರುವಾಗುತ್ತದೆ. ಕೃಷ್ಣಕುಮಾರ್ 2001ರಲ್ಲಿ ಭಾರತ ಮತ್ತು ಪಾಕಿಸ್ತಾನದ ಶಾಲೆಗಳು ಸ್ವಾತಂತ್ರ್ಯ ಹೋರಾಟವನ್ನು ಕಲಿಸುವ ಬಗೆಯನ್ನು ಹೋಲಿಸಿ, ಎರಡೂ ದೇಶಗಳು ತಮಗೆ ಬೇಕಾದ ಘಟನೆಗಳನ್ನು ಆಯ್ದು ತಮಗೆ ಬೇಕಾದ ಕೊನೆಯತ್ತ ಕಥೆಯನ್ನು ತಿರುಗಿಸುವುದನ್ನು ತೋರಿಸಿದರು. ಕರ್ನಾಟಕದಲ್ಲಿ ಬರಗೂರು ರಾಮಚಂದ್ರಪ್ಪ ಸಮಿತಿಯ ಪುಸ್ತಕಗಳು, 2022ರಲ್ಲಿ ರೋಹಿತ್ ಚಕ್ರತೀರ್ಥ ಸಮಿತಿಯ ಪರಿಷ್ಕರಣೆ, 2023ರಲ್ಲಿ ಸರ್ಕಾರ ಬದಲಾದ ಮೇಲೆ ಮತ್ತೆ ತಿದ್ದುಪಡಿ ಹೀಗೆ ಪುಸ್ತಕ ಕೈಬದಲಾಯಿಸುತ್ತಲೇ ಬಂದಿದೆ. ಪ್ರತಿ ಸಲದ ಗದ್ದಲವೂ ಯಾವ ಪಾಠ ಉಳಿಯಿತು, ಯಾವುದು ಹೋಯಿತು ಎಂಬುದರ ಸುತ್ತಲೇ. ಉಳಿದ ಪಾಠವನ್ನು ಮಗು ಹೇಗೆ ಓದುತ್ತದೆ ಎಂಬುದು ಯಾವ ಪಕ್ಷದ ಚಳವಳಿಗೂ ವಿಷಯವಾಗಲಿಲ್ಲ. ಪುಸ್ತಕದಲ್ಲಿ ಬರೆದದ್ದೇ ಮಗುವಿನ ಮನಸ್ಸಿನಲ್ಲಿ ಅಚ್ಚಾಗುತ್ತದೆ ಎಂಬ ನಂಬಿಕೆಯಲ್ಲಿ ಎಡ, ಬಲ ಎರಡೂ ಒಂದೇ.

ಕಾಳಿಯ ಕಲ್ಲು

ಈ ಪಕ್ಷಗಳನ್ನು ಒಟ್ಟಿಗೆ ತರಬಹುದೇ ಎಂದು ನೋಡಲು ಒಂದು ಕಲ್ಲನ್ನೇ ತೆಗೆದುಕೊಳ್ಳೋಣ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಕಲ್ಲು ಅದು. ಗಂಗರ ಬೂತುಗನ ಪರವಾಗಿ ಮಣಲೇರ ಎಂಬ ವೀರ ಹೋರಾಡಿದ. ಮೆಚ್ಚಿದ ಬೂತುಗ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಕಾದಾಡಿ ಸತ್ತವು. ನಾಯಿಯ ನೆನಪಿಗೆ ಮಣಲೇರ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ನಾಯಿ-ಹಂದಿಯ ಕಾದಾಟ ಕಲ್ಲಿನಲ್ಲಿ ಕೆತ್ತಿದೆ. ಅದೇ ಕಲ್ಲಿನಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣ ಮತ್ತು ಚೋಳರ ನಡುವೆ ನಡೆದ ತಕ್ಕೋಲದ ಯುದ್ಧದ ವಿವರವಿದೆ. ಚೋಳರ ರಾಜಾದಿತ್ಯನನ್ನು ಕೊಂದದ್ದಕ್ಕೆ ಬೂತುಗನಿಗೆ ಬನವಾಸಿ ಮೊದಲಾದ ನಾಡುಗಳು ಬಂದದ್ದೂ ಇದೆ.

ಏಳು ವರ್ಷದ ಮಗುವಿಗೆ ಇದಕ್ಕಿಂತ ಒಳ್ಳೆಯ ಕಥೆ ಬೇಕೇ? ನಾಡನ್ನೇ ಕೇಳಬಹುದಾಗಿದ್ದವನು ನಾಯಿಯನ್ನು ಕೇಳಿದ. ಹಾಗೆಂದು ಇದು ಬರೀ ಕಥೆಯೂ ಅಲ್ಲ, ಕಲ್ಲು ಕಣ್ಣೆದುರಿಗಿದೆ. ಕಲ್ಲು ನಿಲ್ಲಿಸಿದವರು ಯಾರು? ನಾಯಿಯ ಒಡೆಯ. ಹಾಗಾದರೆ ಹಂದಿ ಅಷ್ಟು ದೊಡ್ಡದಿತ್ತೆಂದು ಹೇಳಿದವರು ಯಾರು? ಅವನೇ. ಮಕ್ಕಳು ನಗುತ್ತಾರೆ, ನಕ್ಕ ಕ್ಷಣದಲ್ಲಿ ಆಧಾರದ ವಿಮರ್ಶೆ ಶುರುವಾಗಿರುತ್ತದೆ. ಹತ್ತು ವರ್ಷದವರಿಗೆ ಇನ್ನೊಂದು ಮೆಟ್ಟಿಲು: ರಾಜಾದಿತ್ಯನನ್ನು ಕೊಂದ ಹೆಗ್ಗಳಿಕೆಯನ್ನು ಈ ಕಲ್ಲು ಬೂತುಗನಿಗೆ ಕೊಡುತ್ತದೆ, ಚೋಳರ ದಾಖಲೆಗಳು ಅದೇ ರಾಜಾದಿತ್ಯನನ್ನು ಆನೆಯ ಮೇಲೆ ವೀರಮರಣ ಹೊಂದಿದವನೆಂದು ಕೊಂಡಾಡುತ್ತವೆ. ಒಂದೇ ಸಾವು, ಎರಡು ನೆನಪು. ನಾಡಿನ ಹೆಮ್ಮೆಗೂ ಇಲ್ಲಿ ಜಾಗವಿದೆ. ನಾಯಿಯೊಂದಕ್ಕೆ ಕಲ್ಲು ನಿಲ್ಲಿಸಿ ಕನ್ನಡದಲ್ಲಿ ಬರೆಸಿದ ಜನ ನಮ್ಮ ಹಿರಿಯರು ಎಂಬ ಹೆಮ್ಮೆಗೆ ಶತ್ರುವಿನ ಅಗತ್ಯವಿಲ್ಲ. ಇನ್ನು ಹತ್ತಿರ-ದೂರದ ಮಾತು. ವೀರಗಲ್ಲು, ಮಾಸ್ತಿಗಲ್ಲು ಕರ್ನಾಟಕದ ಲೆಕ್ಕವಿಲ್ಲದಷ್ಟು ಊರುಗಳಲ್ಲಿವೆ, ಬಿ.ಎಲ್. ರೈಸ್ 1886ರಿಂದ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಹಳ್ಳಿ ಹಳ್ಳಿಯ ಶಾಸನಗಳು ತಾ‌ಲ್ಲೂಕುವಾರು ದಾಖಲಾಗಿವೆ. ಮೇಷ್ಟ್ರ ಕೈಗೆ ಈ ಸರಕನ್ನು ಸರಳ ಕನ್ನಡದಲ್ಲಿ ತಲುಪಿಸಿದರೆ ಪಠ್ಯಪುಸ್ತಕದ ಮೇಲಿನ ಅರ್ಧ ಹೊರೆ ಇಳಿಯುತ್ತದೆ.

ಶಾಸನವಿಲ್ಲದ ಊರಿನಲ್ಲೂ ಇದು ಸಾಧ್ಯ. ಮಾಗಡಿ ಸೀಮೆಯ ಹುಲಿಕಲ್ ಮತ್ತು ಕುದೂರಿನ ನಡುವೆ ಸಾಲುಮರದ ತಿಮ್ಮಕ್ಕ ಬೆಳೆಸಿದ ಆಲದ ಮರಗಳು ಇಂದಿಗೂ ನೆರಳು ಕೊಡುತ್ತಿವೆ. ಆ ಮರಗಳ ಬಗ್ಗೆ ಹೇಗೆ ಗೊತ್ತು? ಕಂಡವರಿದ್ದಾರೆ, ಪತ್ರಿಕೆಗಳಿವೆ, ಮರಗಳೇ ಇವೆ. ಅಶೋಕನ ಮರಗಳ ಬಗ್ಗೆ? ಮರಗಳಿಲ್ಲ, ಕಂಡವರಿಲ್ಲ, ಅವನ ಮಾತಿದೆ. ಆ ಮಾತನ್ನು ಬರೆಸಿದವನು ಅಶೋಕನೇ ಎಂದು ಗೊತ್ತಾದ ಬಗೆಯೂ ಒಂದು ಪತ್ತೇದಾರಿ ಕಥೆಯೇ. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಲಿಪಿಯನ್ನು ಬಿಡಿಸಿ ಓದಿದಾಗ ಸಿಕ್ಕಿದ್ದು 'ದೇವಾನಾಂಪಿಯ ಪಿಯದಸಿ' ಎಂಬ ಬಿರುದು; 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಬಂಡೆಯಲ್ಲಿ ಆ ಬಿರುದಿನ ಜೊತೆ ಅಶೋಕನ ಹೆಸರೇ ಸಿಕ್ಕಿತು. ಎರಡು ಅಂಕದ ವಾಕ್ಯಕ್ಕೆ ಇಷ್ಟು ಉದ್ದದ ಬಾಲವಿದೆ.

ಆಕ್ಷೇಪಗಳು

ಕಥೆಯನ್ನೂ ಪ್ರಶ್ನೆಯನ್ನೂ ಒಟ್ಟಿಗೆ ಕೊಡುವ ಈ ದಾರಿಗೆ ಮೂರು ಆಕ್ಷೇಪಗಳು ಬರುತ್ತವೆ. ಎಳೆಯ ಮಕ್ಕಳಿಗೆ ಅನುಮಾನ ಕಲಿಸಿದರೆ ಹಿರಿಯರಲ್ಲಿ ಗೌರವ ಉಳಿಯುತ್ತದೆಯೇ ಎಂಬುದು ಮೊದಲನೆಯದು. ಯಾರು ಹೇಳಿದ್ದು ಎಂದು ಕೇಳುವುದು ಅಗೌರವವಲ್ಲ. ಮನೆಯಲ್ಲಿ ಅಣ್ಣ ಹೇಳಿದ್ದನ್ನು ಅಮ್ಮನ ಬಳಿ ವಿಚಾರಿಸುವ ಮಗು ಅದನ್ನು ದಿನವೂ ಮಾಡುತ್ತದೆ. ಗಾಳಿಸುದ್ದಿ ಮೊಬೈಲಿನಲ್ಲಿ ಮನೆ ಮನೆಗೆ ನುಗ್ಗುವ ಕಾಲದಲ್ಲಿ ಈ ಅಭ್ಯಾಸ ಬಾರದೆ ಬೆಳೆದ ಮಗುವೇ ಹೆಚ್ಚು ಅಪಾಯದಲ್ಲಿದೆ. ಓದು-ಬರಹ, ಲೆಕ್ಕವೇ ಸರಿಯಾಗಿ ಬಾರದಿರುವಾಗ ಇತಿಹಾಸಕ್ಕೆ ಸಮಯವೆಲ್ಲಿ ಎಂಬುದು ಎರಡನೆಯದು. ಓದು ಯಾವುದಾದರೊಂದು ವಿಷಯದ ಮೇಲೇ ನಡೆಯಬೇಕಷ್ಟೆ. ಕಾಳಿಯ ಕಥೆ ಕನ್ನಡ ಪಾಠವೂ ಆಗುತ್ತದೆ, ಕಾಲರೇಖೆ ಲೆಕ್ಕದ ಪಾಠವೂ ಆಗುತ್ತದೆ. ಹೊಸ ಪುಸ್ತಕ ಬೇಕಿಲ್ಲ, ಇರುವ ಪರಿಸರ ಅಧ್ಯಯನಕ್ಕೆ ಹಿಂದಿನ ಕಾಲದ ಆಳ ಕೊಟ್ಟರೆ ಸಾಕು.

ಮೂರನೆಯ ಆಕ್ಷೇಪ ಗಟ್ಟಿಯಾದದ್ದು: ಇದನ್ನು ಮಾಡಬಲ್ಲ ಶಿಕ್ಷಕರೆಲ್ಲಿ? 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ, ಕಾರ್ಡು-ಚಟುವಟಿಕೆಗಳಿಂದ ಕಲಿಸುವ ನಲಿಕಲಿ ಪದ್ಧತಿ ರಾಜ್ಯಕ್ಕೆಲ್ಲ ಹರಡಿದ್ದು ಸರ್ಕಾರಿ ಶಾಲೆಯ ಮೇಷ್ಟ್ರುಗಳು ಹೊಸ ದಾರಿ ಹಿಡಿಯಬಲ್ಲರು ಎಂಬುದಕ್ಕೆ ಸಾಕ್ಷಿ. ಆದರೆ ಕಾರ್ಡು, ಚಟುವಟಿಕೆಗಳೂ ಕ್ರಮೇಣ ಯಾಂತ್ರಿಕವಾಗಬಲ್ಲವು. ತಾವೇ ಬಾಯಿಪಾಠದಿಂದ ಇತಿಹಾಸ ಕಲಿತವರು ಬೇರೆ ರೀತಿ ಕಲಿಸಬೇಕಾದರೆ ತರಬೇತಿಯ ಎರಡು ದಿನ ಸಾಲದು. ಈ ಆಕ್ಷೇಪವನ್ನು ಪೂರ್ತಿ ತಳ್ಳಿಹಾಕಲಾಗದು. ಅದು ಹೇಳುವುದು ಕೆಲಸ ನಿಧಾನವಾಗುತ್ತದೆ ಎಂದು. ಕೆಲಸ ತಪ್ಪು ಎಂದಲ್ಲ.

ಇನ್ನೂ ಬಗೆಹರಿಯದ್ದು

ಇಷ್ಟಾದರೂ ಕೆಲವು ಗಂಟುಗಳು ಹಾಗೇ ಇವೆ. ಮೊದಲನೆಯದು ಕ್ರಮದ್ದು. ಸಿಂಧೂ ಕಣಿವೆಯಿಂದ ಶುರುಮಾಡಿ ಮುಂದಕ್ಕೆ ಬರಬೇಕೇ, ಅಜ್ಜಿಯ ಕಾಲದಿಂದ ಹಿಂದಕ್ಕೆ ಹೋಗಬೇಕೇ, ಇಲ್ಲ ದ್ವೀಪಗಳಂತೆ ಅಲ್ಲಲ್ಲಿ ಕೆಲವು ಕಾಲಗಳನ್ನಷ್ಟೇ ಆಳವಾಗಿ ಕಲಿಸಬೇಕೇ? ಇಂಗ್ಲೆಂಡ್ 2013ರ ಪರಿಷ್ಕರಣೆಯಲ್ಲಿ ಕಾಲಾನುಕ್ರಮಕ್ಕೆ ಹೆಚ್ಚು ಒತ್ತು ಕೊಟ್ಟಿತಾದರೂ ವಾದ ನಿಂತಿಲ್ಲ. ಬಿಡಿ ದ್ವೀಪಗಳನ್ನು ಬಲ್ಲ ಮಗು ಕಡಲಿನ ನಕ್ಷೆಯನ್ನು ಯಾವಾಗ, ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದು ತೆರೆದ ಪ್ರಶ್ನೆ. ಎರಡನೆಯದು ಮೌಲ್ಯಮಾಪನದ್ದು. ಪ್ರಶ್ನೆ ಕೇಳುವ ಗುಣಕ್ಕೆ ಅಂಕ ಕೊಡುವುದು ಹೇಗೆ? ಪರೀಕ್ಷೆ 'ಹೊಂದಿಸಿ ಬರೆಯಿರಿ'ಯಲ್ಲೇ ಉಳಿದರೆ ಪಾಠವೂ ಅಲ್ಲಿಗೇ ಮರಳುತ್ತದೆ. ಮೂರನೆಯದು ನಮ್ಮದೇ ನೆಲದ್ದು. ಮೇಲೆ ಹೇಳಿದ ಅಧ್ಯಯನಗಳು ನಡೆದದ್ದು ಬ್ರಿಟನ್, ಅಮೆರಿಕದ ತರಗತಿಗಳಲ್ಲಿ. ಪುರಾಣವನ್ನೂ ಚರಿತ್ರೆಯನ್ನೂ ಒಂದೇ ಜಗಲಿಯಲ್ಲಿ ಕೇಳಿ ಬೆಳೆಯುವ, ಹಲವು ತರಗತಿಗಳು ಒಂದೇ ಕೋಣೆಯಲ್ಲಿ ಕೂರುವ ಕನ್ನಡದ ಮಗು ಅದೇ ಮೆಟ್ಟಿಲುಗಳನ್ನು ಅದೇ ಸಾಲಿನಲ್ಲಿ ಹತ್ತುತ್ತದೆ ಎನ್ನಲು ಆಧಾರವನ್ನು ಇಲ್ಲಿಯೇ ಕೂಡಿಸಬೇಕು.

ಕೊನೆಯದು ಎಲ್ಲಕ್ಕಿಂತ ಕಠಿಣ. ನೋವಿನ ಚರಿತ್ರೆಯನ್ನು ಯಾವ ವಯಸ್ಸಿಗೆ ಹೇಳಬೇಕು? ಅಸ್ಪೃಶ್ಯತೆಯ ಪಾಠ ಎಳೆಯರಿಗೆ ಭಾರ ಎನ್ನುವವರಿದ್ದಾರೆ. 1901ರಲ್ಲಿ ತಂದೆಯನ್ನು ಕಾಣಲು ಕೋರೆಗಾಂವ್‌ಗೆ ಹೊರಟ ಅಂಬೇಡ್ಕರ್ ದಾರಿಯುದ್ದಕ್ಕೂ ಕುಡಿಯುವ ನೀರಿಗೆ ಪರದಾಡಿದರು. ಆಗ ಅವರಿಗೆ ಸುಮಾರು ಒಂಬತ್ತು ವರ್ಷ, ಅಂದರೆ ನಾಲ್ಕನೇ ತರಗತಿಯ ವಯಸ್ಸು. ಹೇಳಲು ಇದು ವಯಸ್ಸಲ್ಲ ಎಂದು ತೀರ್ಮಾನಿಸುವಾಗ, ಅನುಭವಿಸಲು ಅದೇ ವಯಸ್ಸು ಅಡ್ಡಿಯಾಗಿರಲಿಲ್ಲ ಎಂಬುದು ಎದುರಿಗೆ ಬಂದು ನಿಲ್ಲುತ್ತದೆ. ಆದರೆ ನೀರು ಕೊಡದವರ ವಂಶದ ಮಗುವೂ, ನೀರು ಸಿಗದವರ ವಂಶದ ಮಗುವೂ ಇವತ್ತು ಒಂದೇ ಬೆಂಚಿನಲ್ಲಿ ಕೂತಿರುವಾಗ, ಒಬ್ಬರು ತಲೆ ತಗ್ಗಿಸದಂತೆ, ಇನ್ನೊಬ್ಬರು ಕುಗ್ಗಿಹೋಗದಂತೆ, ಸತ್ಯವನ್ನು ತೇಲಿಸಿಯೂ ಬಿಡದಂತೆ ಆ ದಿನದ ಪಾಠವನ್ನು ಹೇಗೆ ಮಾಡಬೇಕು? ಮೇಲಿನ ಐದು ಪಕ್ಷಗಳಲ್ಲಿ ಯಾವುದರ ಬಳಿಯೂ ಇದಕ್ಕೆ ಪೂರ್ತಿ ಉತ್ತರವಿಲ್ಲ.